ಕಿಟಕಿಯ ಆಚೆ ಕುಳಿತವನು

ಪ್ರತಿ ತಿಂಗಳೂ ನನ್ನ ಬ್ಯಾಂಕ್ ಖಾತೆಗೆ ನಿವೃತ್ತಿ ವೇತನ ತಪ್ಪದೆ ಜಮೆಯಾಗುತ್ತದೆ. 2006ರ ಏಪ್ರಿಲ್‌ಗೆ ಬಹಳ ಮೊದಲೇ ಸೇವೆಗೆ ಸೇರಿದವನಾದ್ದರಿಂದ ಹಳೆಯ ಪದ್ಧತಿಯ ಪಿಂಚಣಿ ನನ್ನ ಪಾಲಿಗೆ ಉಳಿದಿದೆ. ಅದು ಎಂಥ ಭಾಗ್ಯವೆಂಬುದು ನಮ್ಮ ಹೋಬಳಿಯ ನಾಡಕಚೇರಿಯಲ್ಲಿ ಕಳೆದ ಒಂದು ಬೆಳಿಗ್ಗೆ ನನಗೆ ಮನದಟ್ಟಾಯಿತು.

ನಮ್ಮ ಹಿಂದಿನ ಬೀದಿಯ ಅಜ್ಜಿಯೊಬ್ಬರಿಗೆ ಸಂಧ್ಯಾ ಸುರಕ್ಷಾ ಯೋಜನೆಯ ಮಾಸಾಶನ ಮೂರು ತಿಂಗಳಿಂದ ನಿಂತುಹೋಗಿತ್ತು. 65 ವರ್ಷ ದಾಟಿದ ಬಡವರಿಗೆಂದು ರಾಜ್ಯ ಸರ್ಕಾರವು 2007ರಲ್ಲಿ ಆರಂಭಿಸಿದ ಯೋಜನೆ ಇದು. ಅಜ್ಜಿಗೆ ಬರುತ್ತಿದ್ದುದು ತಿಂಗಳಿಗೆ 1,200 ರೂಪಾಯಿ. ನಮಗೆ ಅಲ್ಪವೆನಿಸುವ ಆ ಹಣವೇ ಆಕೆಯ ಮಾತ್ರೆ, ಕಾಫಿಪುಡಿ, ಬೇಳೆ ಎಲ್ಲವೂ. ಆಕೆಯನ್ನು ಕರೆದುಕೊಂಡು ನಾನೇ ಹೋದೆ.

ಕಚೇರಿಯಲ್ಲಿ ಉದ್ದನೆಯ ಸಾಲು. ಎರಡು ಕಂಪ್ಯೂಟರುಗಳ ಪೈಕಿ ಒಂದರ ಮುಂದೆ ಯಾರೂ ಇರಲಿಲ್ಲ. ಜಾತಿ, ಆದಾಯ, ವಾಸಸ್ಥಳದ ಪ್ರಮಾಣಪತ್ರಗಳು, ಪಹಣಿ, ಮಾಸಾಶನ ಎಲ್ಲಕ್ಕೂ ಒಬ್ಬನೇ ಯುವಕ. ಎರಡು ಗಂಟೆ ಕಾದು ನಮ್ಮ ಸರದಿ ಬಂದಾಗ ಆತ ತಲೆ ಎತ್ತದೆಯೇ, "ಸರ್ವರ್ ಇಲ್ಲ, ನಾಳೆ ಬನ್ನಿ" ಎಂದ. ನನ್ನ ತಾಳ್ಮೆ ತಪ್ಪಿತು. "ಸರ್ಕಾರದ ಸಂಬಳ ತಿಂದು ಮುದುಕರನ್ನು ಅಲೆದಾಡಿಸುತ್ತೀರಲ್ಲ, ನಾಚಿಕೆಯಾಗುವುದಿಲ್ಲವೇ?" ಎಂದು ತರಗತಿಯ ಧ್ವನಿಯಲ್ಲಿಯೇ ಗದರಿಸಿದೆ. ಧ್ವನಿ ಕೇಳಿದೊಡನೆ ಆತ ಎದ್ದು ನಿಂತ. "ಸಾರ್, ನಾನು ನಿಮ್ಮ ಶಿಷ್ಯ. 2004ರ ಹತ್ತನೇ ಕ್ಲಾಸು" ಎಂದ.

ಊಟದ ಬಿಡುವಿನಲ್ಲಿ ಆತನೇ ಹೊರಗೆ ಬಂದು ಅಜ್ಜಿಗೂ ನನಗೂ ಚಹಾ ಕೊಡಿಸಿದ. "ಸಾರ್, ನನ್ನದು ಸರ್ಕಾರಿ ಸಂಬಳವಲ್ಲ, ಹೊರಗುತ್ತಿಗೆ. ಏಜೆನ್ಸಿ ಕೊಟ್ಟಾಗಲೇ ಸಂಬಳ. ಹನ್ನೊಂದು ವರ್ಷದಲ್ಲಿ ಮೂರು ಏಜೆನ್ಸಿ ಬದಲಾದವು, ಕುರ್ಚಿ ಮಾತ್ರ ಅದೇ. ಜೊತೆಗಿದ್ದವನು ಬಿಟ್ಟುಹೋದ, ಅವನ ಕೆಲಸವೂ ನನ್ನ ಮೇಲೇ ಬಿತ್ತು. ದಿನಾ ಪಿಂಚಣಿ ಅರ್ಜಿ ತುಂಬುತ್ತೇನೆ, ನನಗೆ ಪಿಂಚಣಿಯಿಲ್ಲ" ಎಂದು ನಕ್ಕ. ಆ ನಗುವನ್ನು ನಾನು ಮರೆಯಲಾರೆ.

ಕಾಯಂ ನೌಕರರೂ ಸುಖವಾಗಿಲ್ಲ. ಮಾಸಾಶನದ ಅರ್ಜಿಗಳ ಸ್ಥಳ ಪರಿಶೀಲನೆಗೆ ಹೋಗಬೇಕಾದ ಗ್ರಾಮ ಆಡಳಿತಾಧಿಕಾರಿಗಳು, ಅಂದರೆ ನಮ್ಮ ಹಳೆಯ ಗ್ರಾಮ ಲೆಕ್ಕಿಗರು, 2024ರ ಸೆಪ್ಟೆಂಬರ್‌ನಲ್ಲಿಯೂ 2025ರ ಫೆಬ್ರುವರಿಯಲ್ಲಿಯೂ ರಾಜ್ಯಾದ್ಯಂತ ಮುಷ್ಕರ ಹೂಡಿದ್ದನ್ನು ನೀವು ಓದಿರಬಹುದು. ಆಧಾರ್ ಸೀಡಿಂಗ್, ಲ್ಯಾಂಡ್ ಬೀಟ್, ಬಗರ್ ಹುಕುಂ ಎಂದು ಒಂದರ ಮೇಲೊಂದು ಆ್ಯಪ್‌ಗಳನ್ನು ಹೇರಿ, ಅವಕ್ಕೆ ಬೇಕಾದ ಸೌಲಭ್ಯ ಕೊಟ್ಟಿಲ್ಲವೆಂಬುದು ಅವರ ಅಳಲು. ಗಣತಿ, ಚುನಾವಣೆಗಳ ನಡುವೆ ಪಾಠ ಮಾಡಿದ ನನಗೆ ಆ ಸಂಕಟ ಅಪರಿಚಿತವೇನಲ್ಲ. ಆದರೆ ನನ್ನ ಸಂಬಳಕ್ಕೆ ಎಂದೂ ಚ್ಯುತಿ ಬಂದಿರಲಿಲ್ಲ.

ತಾತ್ಕಾಲಿಕ ನೌಕರರು ದೀರ್ಘಕಾಲ ದುಡಿದ ಮಾತ್ರಕ್ಕೆ ಕಾಯಮಾತಿಯ ಹಕ್ಕು ಪಡೆಯುವುದಿಲ್ಲವೆಂದು ಸುಪ್ರೀಂ ಕೋರ್ಟು 2006ರಲ್ಲಿ ತೀರ್ಪಿತ್ತಿತು. ಆ ಉಮಾದೇವಿ ಪ್ರಕರಣ ನಮ್ಮ ಕರ್ನಾಟಕದ್ದೇ. ಹಿಂಬಾಗಿಲ ನೇಮಕಾತಿ ತಡೆಯುವುದು ಅದರ ಆಶಯ. ಆದರೆ ವರ್ಷಗಟ್ಟಲೆ ದುಡಿದವರ ನ್ಯಾಯವಾದ ಬೇಡಿಕೆಯನ್ನು ತಳ್ಳಿಹಾಕಲು ಆ ತೀರ್ಪನ್ನು ದುರುಪಯೋಗ ಮಾಡಬಾರದೆಂದು 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಜಗ್ಗೋ ಪ್ರಕರಣದಲ್ಲಿ ಹೇಳಿತು. ನಿತ್ಯದ ಕೆಲಸಕ್ಕೆ ನಿತ್ಯದ ನೌಕರ ಬೇಡವೇ ಎಂಬ ಪ್ರಶ್ನೆ ಮಾತ್ರ ನಾಡಕಚೇರಿಯ ಆ ಖಾಲಿ ಕುರ್ಚಿಯಂತೆ ಹಾಗೆಯೇ ಉಳಿದಿದೆ.

ಸರ್ವರ್ ಬಂದ ಮೇಲೆ ಆತನೇ ದೋಷ ಹುಡುಕಿದ. ಅಜ್ಜಿಯ ಖಾತೆಗೆ ಆಧಾರ್ ಜೋಡಣೆಯಾಗಿರಲಿಲ್ಲ. ಬ್ಯಾಂಕಿನಲ್ಲಿ ಏನು ಕೇಳಬೇಕೆಂದು ಚೀಟಿಯಲ್ಲಿ ಬರೆದುಕೊಟ್ಟ. ಎರಡು ತಿಂಗಳಲ್ಲಿ ಬಾಕಿಸಮೇತ ಹಣ ಬಂತು. ಸುದ್ದಿ ತಿಳಿಸಲು ಹೋದಾಗ, ಸಾಲಿನಲ್ಲಿದ್ದವರೆಲ್ಲರ ಎದುರಿಗೇ, "ಅಂದು ನಾನು ಆಡಿದ ಮಾತು ತಪ್ಪು, ಕ್ಷಮಿಸಪ್ಪಾ" ಎಂದೆ. ಎಲ್ಲರ ಎದುರಿಗೆ ಬೈದಿದ್ದೆನಲ್ಲ! "ಬಿಡಿ ಸಾರ್, ದಿನಾ ಇದ್ದದ್ದೇ" ಎಂದ. ಆ ಮಾತು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ಚೆನ್ನಾಗಿ ಓದಿದರೆ ನೆಮ್ಮದಿಯ ನೌಕರಿ ಸಿಗುತ್ತದೆಂದು ನಿಮಗೆಲ್ಲ ಮೂವತ್ತು ವರ್ಷ ಹೇಳುತ್ತ ಬಂದವನು ನಾನು. ಆತ ಚೆನ್ನಾಗಿಯೇ ಓದಿದ್ದ. ಮುಂದೆ ಯಾವುದಾದರೂ ಕಿಟಕಿಯ ಮುಂದೆ ನಿಂತು ನಿಮಗೆ ಸಿಟ್ಟು ಬಂದಾಗ, ಆಚೆ ಕುಳಿತವನು ನಿಮ್ಮದೇ ಬೆಂಚಿನ ಗೆಳೆಯನಿರಬಹುದೆಂದು ಒಂದು ಕ್ಷಣ ಯೋಚಿಸಿರಿ. ಆ ಸಿಟ್ಟನ್ನು ಅರ್ಜಿಯಾಗಿ ಬರೆದು ಮೇಲಿನವರಿಗೆ ಕಳುಹಿಸಿರಿ. ನಾನೂ ಒಂದು ಬರೆದು ತಹಶೀಲ್ದಾರರಿಗೆ ಕೊಟ್ಟಿದ್ದೇನೆ; ಉತ್ತರಕ್ಕೆ ಕಾಯುತ್ತಿದ್ದೇನೆ.