ಕಕ್ಕಡದ ಕಿವಿ

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಿಂಗಳನ್ನು ಕೊಡಗಿನಲ್ಲಿ ಕಕ್ಕಡ ಎನ್ನುತ್ತಾರೆ. ಗದ್ದೆಯಲ್ಲಿ ನಾಟಿಯ ಕೆಲಸ, ಮನೆಯೊಳಗೆ ಒಲೆಯ ಮುಂದಿನ ಮಾತು, ಹೊರಗೆ ಬಿಡದ ಮಳೆ. ಮದುವೆ ಮುಂತಾದ ಮಂಗಳ ಕಾರ್ಯಗಳು ಈ ತಿಂಗಳಲ್ಲಿ ನಡೆಯುವುದಿಲ್ಲ. ನಮ್ಮ ಮನೆಯಲ್ಲಿ ಇದೇ ದಿನಗಳಲ್ಲಿ ಚಾತುರ್ಮಾಸ. ವಿಹಾರ ಮಾಡುವ ಮುನಿಗಳು ಒಂದೆಡೆ ನಿಲ್ಲುತ್ತಾರೆ, ಶ್ರಾವಕರು ಸೊಪ್ಪುಗಳನ್ನು ಬಿಡುತ್ತಾರೆ, ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುತ್ತಾರೆ. ಎರಡೂ ನಿಲುಗಡೆಯ ಕಾಲವೇ. ಈ ವರ್ಷದ ಕಕ್ಕಡದಲ್ಲಿ ನನಗೆ ಹೊಸ ಕಿವಿ ಬಂದಿತು. ಈ ತಿಂಗಳಲ್ಲಿ ನಾನು ಕೇಳಿದ ಸಂಗೀತವನ್ನು ಹೊಸತು ಎನ್ನಬೇಕಾದದ್ದು ಆ ಅರ್ಥದಲ್ಲಿ.

ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ. ಜೂನ್ ಕೊನೆಯಲ್ಲಿ ಪದವಿ ತರಗತಿಗೆ ಸಾಂಗತ್ಯದ ಲಕ್ಷಣವನ್ನು ಪಾಠ ಮಾಡುತ್ತಿದ್ದೆ. ನಾಲ್ಕು ಸಾಲಿನ ಪದ್ಯ. ಒಂದು ಮತ್ತು ಮೂರನೆಯ ಸಾಲುಗಳಲ್ಲಿ ನಾಲ್ಕು ನಾಲ್ಕು ವಿಷ್ಣುಗಣ, ಎರಡು ಮತ್ತು ನಾಲ್ಕನೆಯ ಸಾಲುಗಳಲ್ಲಿ ಎರಡು ವಿಷ್ಣುಗಣದ ಮೇಲೊಂದು ಬ್ರಹ್ಮಗಣ. ಕಪ್ಪುಹಲಗೆಯ ಮೇಲೆ ಗಣ ವಿಂಗಡಿಸಿ ತೋರಿಸಿದೆ. ತಗಡಿನ ಮಾಡಿನ ಮೇಲೆ ಮಳೆ ಸುರಿಯುತ್ತಿತ್ತು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು ಏನನ್ನೋ ಕೇಳಿದಳು. ನನಗೆ ಕೇಳಿಸಿದ್ದು, "ಇದು ಆಗಬೇಕಾ ಸರ್?" ಎಂದು. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಕಲಿಸಿದ ವಿಷಯದ ಬಗ್ಗೆ ಹಾಗೆ ಕೇಳಿದರೆ ಸಿಟ್ಟು ಬರದಿರುತ್ತದೆಯೇ? "ಬೇಡ ಎನ್ನುವವರು ಹೊರಗೆ ಹೋಗಬಹುದು" ಎಂದೆ. ಅವಳು ಕುಳಿತಳು. ಆ ದಿನದಿಂದ ಅವಳು ಪ್ರಶ್ನೆ ಕೇಳಲಿಲ್ಲ. ನಿಜವಾಗಿ ಅವಳು ಕೇಳಿದ್ದು "ಇದು ಹಾಡಬೇಕಾ ಸರ್?" ಎಂದು. ಇದನ್ನು ವಾರದ ನಂತರ ಸಹೋದ್ಯೋಗಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ತಿಳಿಸಿದರು.

ಆಗಬೇಕಾ, ಹಾಡಬೇಕಾ. ಎರಡು ಮಾತುಗಳಲ್ಲಿ ಸ್ವರಗಳು ಒಂದೇ, ಮಾತ್ರೆಗಳು ಒಂದೇ. ಬೇರೆಯಾದವು ಮೊದಲಿನ ಹಕಾರ ಮತ್ತು ಎರಡನೆಯ ಅಕ್ಷರದ ವ್ಯಂಜನ. ಕನ್ನಡ ಕಾವ್ಯದಲ್ಲಿ ಆದಿಪ್ರಾಸ ನಿಲ್ಲುವುದು ಸರಿಯಾಗಿ ಆ ಎರಡನೆಯ ಅಕ್ಷರದಲ್ಲಿ. ನಾಗವರ್ಮ 'ಛಂದೋಂಬುಧಿ'ಯಲ್ಲಿ ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಪ್ರಾಸವನ್ನು ಆರು ಬಗೆಯಾಗಿ ವಿಂಗಡಿಸಿದ್ದನ್ನು ನಮ್ಮ ವಿದ್ಯಾರ್ಥಿಗಳು ಬಲ್ಲರು. ಹಿಂದಿನ ಅಕ್ಷರ ದೀರ್ಘವಾಗಿದ್ದರೆ ಗಜಪ್ರಾಸ. ನನ್ನ ಕಿವಿ ತಪ್ಪಿದ್ದು ಗಜಪ್ರಾಸದ ಸ್ಥಾನದಲ್ಲಿ!

ಮೈಸೂರಿಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡೆ. ಪರೀಕ್ಷೆಯ ನಕ್ಷೆಯಲ್ಲಿ ಗೆರೆ ಎಡಗಡೆ ನೆಟ್ಟಗಿದ್ದು ಬಲಕ್ಕೆ ಹೋದಂತೆ ಇಳಿಜಾರಾಗಿತ್ತು. ವಯಸ್ಸಿನೊಡನೆ ಬರುವ ಕಿವುಡು ಸಾಮಾನ್ಯವಾಗಿ ಹೀಗೆಯೇ ಹೆಚ್ಚು ಕಂಪನಾಂಕದ ಧ್ವನಿಗಳಿಂದ ಆರಂಭವಾಗುತ್ತದೆ. ಮಾತಿನಲ್ಲಿ ಸ್ವರಗಳಿಗೆ ಬಲ ಹೆಚ್ಚು, ಅವುಗಳ ಶಕ್ತಿ ಬಹುಪಾಲು ಕೆಳಗಿನ ಕಂಪನಾಂಕಗಳಲ್ಲಿ ಇರುತ್ತದೆ. ಸಕಾರ, ಶಕಾರ, ತಕಾರದಂತಹ ವ್ಯಂಜನಗಳು ಕ್ಷೀಣ, ಮೇಲಿನ ಕಂಪನಾಂಕದವು. ಆದ್ದರಿಂದ ಇಂತಹ ಕಿವಿಗೆ ಮಾತನಾಡುತ್ತಿದ್ದಾರೆ ಎಂಬುದು ತಿಳಿಯುತ್ತದೆ, ಏನು ಮಾತನಾಡುತ್ತಿದ್ದಾರೆ ಎಂಬುದು ತಿಳಿಯುವುದಿಲ್ಲ. ಛಂದಸ್ಸಿನ ಪರಿಭಾಷೆಯಲ್ಲಿ ಹೇಳುವುದಾದರೆ ಲಯ ಉಳಿದು ಪ್ರಾಸ ಹೋಗುತ್ತದೆ. ಪ್ರಾಸವನ್ನು ಕನ್ನಡ ಕಾವ್ಯದ ಶೋಭೆಯೆಂದು ಬಗೆದ ಪರಂಪರೆಯನ್ನು ಪಾಠ ಮಾಡುವವನಿಗೆ ಇದು ಸಣ್ಣ ನಷ್ಟವಲ್ಲ.

ಕಕ್ಕಡದ ಮೊದಲ ವಾರದಲ್ಲಿ ಎರಡೂ ಕಿವಿಗಳಿಗೆ ಶ್ರವಣ ಸಾಧನಗಳು ಬಂದವು. ಮೊದಲ ದಿನ ಪುಸ್ತಕದ ಹಾಳೆ ತಿರುವಿದ ಸದ್ದಿಗೆ ಬೆಚ್ಚಿದೆ. ಮಳೆ, ಅದುವರೆಗೆ ಒಂದೇ ಮೊತ್ತದ ಮೊರೆತವಾಗಿದ್ದದ್ದು, ಹೆಂಚಿನ ಮೇಲೆ ಒಂದು, ಬಾಳೆಯ ಎಲೆಯ ಮೇಲೆ ಇನ್ನೊಂದು, ಅಂಗಳದ ನೀರಿನ ಮೇಲೆ ಮತ್ತೊಂದು ಎಂದು ಬಿಡಿಬಿಡಿಯಾಯಿತು. ಹೊಸ ಧ್ವನಿಗಳಿಗೆ ಮಿದುಳು ಹೊಂದಿಕೊಳ್ಳಲು ವಾರಗಳು ಬೇಕು, ದಿನವೂ ಕೇಳುತ್ತಿರಿ ಎಂದಿದ್ದರು. ಹಾಗಾಗಿ ಸಂಜೆಗಳನ್ನು ಸಂಗೀತಕ್ಕೆ ಮೀಸಲಿಟ್ಟೆ.

ಮೊದಲು ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು. ಅದರಲ್ಲಿ ನಿರಾಸೆಯಾಯಿತು. ಈ ಸಾಧನಗಳನ್ನು ಮುಖ್ಯವಾಗಿ ಮಾತಿಗಾಗಿ ಹೊಂದಿಸಿರುತ್ತಾರೆ. ಒಂದೇ ಶ್ರುತಿಯಲ್ಲಿ ದೀರ್ಘವಾಗಿ ನಿಂತ ಸ್ವರವನ್ನು ಅವು ಯಂತ್ರದ ಕೀರಲೆಂದು ತಿಳಿದು ಅಡಗಿಸಲು ಹೊರಡುವುದುಂಟು. ಕೊಳಲಿನ ನಿಂತ ಸ್ವರ ನಡುಗಿತು. ಬಳಿಕ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು. ಅವನ್ನು ಸಾಧನ ತೆಗೆದು ಕೇಳಿದಾಗ ನಾದ ತುಂಬಿ ಬಂತು, ಹಾಕಿಕೊಂಡಾಗ ಶಬ್ದ ಸ್ಪಷ್ಟವಾಯಿತು. ವಚನದಲ್ಲಿ ಯಾವುದನ್ನು ಬಿಡುವುದು? ಎರಡು ಬಾರಿ ಕೇಳುವುದೇ ಸರಿ ಎಂದುಕೊಂಡೆ. ಮಗಳು ರಘು ದೀಕ್ಷಿತ್ ಹಾಡಿರುವ ಶಿಶುನಾಳ ಶರೀಫರ ಪದವೊಂದನ್ನು ಕೇಳಿಸಿದಳು. ಗಿಟಾರಿನ ಅಬ್ಬರದ ನಡುವೆ ಪದ ಸಿಗಲಾರದು ಎಂದು ಊಹಿಸಿದ್ದೆ. ಸಿಕ್ಕಿತು. ತತ್ವಪದದ ಪಲ್ಲವಿ ಮತ್ತೆ ಮತ್ತೆ ಬರುತ್ತದೆ. ಮೊದಲ ಸಲ ತಪ್ಪಿದ್ದು ಮೂರನೆಯ ಸಲಕ್ಕೆ ದಕ್ಕುತ್ತದೆ.

ಈ ಮಾತು ಮನಸ್ಸಿನಲ್ಲಿ ಉಳಿದಿದ್ದಾಗಲೇ ಕಕ್ಕಡ ಹದಿನೆಂಟು ಬಂತು, ಅಂದರೆ ಆಗಸ್ಟ್ 3. ಆ ದಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆಂಬುದು ಇಲ್ಲಿನವರ ನಂಬಿಕೆ. ಸೊಪ್ಪಿನ ನೇರಳೆ ರಸದಲ್ಲಿ ಪಾಯಸ ಮಾಡುತ್ತಾರೆ. ನೆರೆಯ ಕೊಡವ ಕುಟುಂಬದ ಹಿರಿಯರು ತಮ್ಮ ಐನ್‌ಮನೆಗೆ ಕರೆದರು. ಅವರ ಮೊಮ್ಮಗ ಮತ್ತು ಅವನ ಗೆಳೆಯರು ಕಾಲೇಜಿನ ಸ್ಪರ್ಧೆಗೆ ದುಡಿಕೊಟ್ಟ್ ಪಾಟ್ ಅಭ್ಯಾಸ ಮಾಡುತ್ತಿದ್ದರು. ನಾನು ಚಾತುರ್ಮಾಸದಲ್ಲಿ ಸೊಪ್ಪು ತಿನ್ನುವುದಿಲ್ಲವೆಂದು ಅಲ್ಲಿನ ಅಜ್ಜಿಗೆ ಗೊತ್ತು. ನನ್ನ ಮುಂದೆ ಬಾಳೆಹಣ್ಣು, ಬೆಲ್ಲ ಇಟ್ಟರು. ಹಿರಿಯರು, "ಮಾಷ್ಟ್ರೆ, ನೀವು ಕತ್ತಲಾಗುವ ಮೊದಲು ಮನೆ ಸೇರಿ ಊಟ ಮಾಡಬೇಕಲ್ಲ, ಅದಕ್ಕೇ ಹುಡುಗರನ್ನು ಬೇಗ ಕೂರಿಸಿದೆ" ಎಂದರು.

ದುಡಿ ಕೈಯಲ್ಲಿ ಹಿಡಿಯುವ, ನಡು ಸಣ್ಣಗಿರುವ ಚಿಕ್ಕ ವಾದ್ಯ. ತೆಳ್ಳನೆಯ ಕೋಲಿನಿಂದ ಬಾರಿಸುತ್ತಾರೆ. ಹಾಡುವವರು ನಾಲ್ವರು. ಇಬ್ಬರು ಸಾಲನ್ನು ಎತ್ತುತ್ತಾರೆ, ಉಳಿದಿಬ್ಬರು ಅದನ್ನು ತೆಗೆದುಕೊಂಡು ಮರಳಿ ಹಾಡುತ್ತಾರೆ. ನಾನು ಈ ಹಾಡುಗಳನ್ನು ಪುಸ್ತಕದಲ್ಲಿ ಓದಿದವನು. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪನವರು ಊರೂರಿನಿಂದ ಸಂಗ್ರಹಿಸಿ, ಕೊಡವ ಭಾಷೆಯನ್ನು ಕನ್ನಡ ಲಿಪಿಯಲ್ಲಿ ಬರೆದು 1924ರಲ್ಲಿ ಪ್ರಕಟಿಸಿದ 'ಪಟ್ಟೋಲೆ ಪಳಮೆ' ನನ್ನ ಮೇಜಿನ ಮೇಲೆ ಬಹುಕಾಲದಿಂದ ಇದೆ. 2003ರಲ್ಲಿ ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ ಮಾಡಿದ ಇಂಗ್ಲಿಷ್ ಅನುವಾದವೂ ಇದೆ. ಅದರ ಸಾಲುಗಳನ್ನು ಉಲ್ಲೇಖಿಸಿ ಲೇಖನ ಬರೆದಿದ್ದೇನೆ. ಆದರೆ ಒಂದು ಸಾಲನ್ನು ಎರಡು ಜೋಡಿ ಕಂಠಗಳು ಹಂಚಿಕೊಂಡಾಗ ಏನಾಗುತ್ತದೆಂದು ಯೋಚಿಸಿದವನಲ್ಲ. ಅಂದು ಮೊದಲ ಜೋಡಿ ಹಾಡಿದಾಗ ನನಗೆ ಲಯ ಸಿಕ್ಕಿತು. ಎರಡನೆಯ ಜೋಡಿ ಹಾಡಿದಾಗ ಅಕ್ಷರ ಸಿಕ್ಕಿತು. ಮಳೆಯಲ್ಲಿ, ಜನರ ಗದ್ದಲದಲ್ಲಿ, ಕಿವಿ ಮಂದವಾದ ಮುದುಕರಿಗೂ ಕಥೆ ತಲುಪಲಿ ಎಂದೇ ಈ ಮರುಹಾಡಿಕೆ ಹುಟ್ಟಿತೆಂದು ನಾನು ವಾದಿಸಲಾರೆ. ಅದು ಆ ಕೆಲಸವನ್ನೂ ಮಾಡುತ್ತದೆ ಎನ್ನಲು ನನ್ನ ಕಿವಿಯೇ ಸಾಕ್ಷಿ. ನಾವು ಕಾಗದದ ಮೇಲೆ ಪುನರುಕ್ತಿಯೆಂದು ಬಿಡುವುದು ಕೇಳುವವನಿಗೆ ಎರಡನೆಯ ಅವಕಾಶ.

ಮನೆಗೆ ಬರುವಾಗ ಆ ವಿದ್ಯಾರ್ಥಿನಿಯ ಪ್ರಶ್ನೆ ಬೇರೆ ಬಗೆಯಲ್ಲಿ ಕಾಡಿತು. ಇದು ಹಾಡಬೇಕಾ? ಶಿಶುಮಾಯಣನಿಂದ ಮೊದಲುಗೊಂಡು ಜೈನ ಕವಿಗಳು ಸಾಂಗತ್ಯವನ್ನು ಆರಿಸಿಕೊಂಡದ್ದು ಅದು ಹಾಡುಗಬ್ಬ ಎಂಬ ಕಾರಣಕ್ಕಲ್ಲವೇ? 'ಭರತೇಶ ವೈಭವ'ದ 80 ಸಂಧಿಗಳು ಸಾಂಗತ್ಯ. ನಮ್ಮ ಪಕ್ಕದ ಚಂಗಾಳ್ವ ನಾಡಿನ ಮೂರನೆಯ ಮಂಗರಸನ 'ನೇಮಿಜಿನೇಶ ಸಂಗತಿ'ಯೂ ಸಾಂಗತ್ಯ. ಅಂಶಗಣದಲ್ಲಿ ಅಕ್ಷರ ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು ಎಂಬುದನ್ನು ತೀರ್ಮಾನಿಸುವುದು ಕಂಠ. ಹಾಡದೆ ಅದನ್ನು ಕಲಿಸುವುದೆಂದರೆ ಈಜನ್ನು ಗೋಡೆಯ ಚಿತ್ರದಲ್ಲಿ ತೋರಿಸಿದಂತೆ. ಕೊಡಗಿನ ಜೈನ ಇತಿಹಾಸದ ಬಗ್ಗೆ ಮಾತನಾಡುವಾಗಲೂ ನಾನು ಕಲ್ಲಿಗೇ ಹೋಗುತ್ತಿದ್ದೆ: ಸತ್ಯವಾಕ್ಯ ಜಿನಾಲಯಕ್ಕೆ ದತ್ತಿ ಹೇಳುವ 888ರ ಬಿಳಿಯೂರು ಶಾಸನ, ಮುಳ್ಳೂರಿನ ಬಸದಿಗಳಲ್ಲಿರುವ ಕೊಂಗಾಳ್ವರ 1058ರ ಶಾಸನ, ಪೋಚಬ್ಬರಸಿ, ಗುಣಸೇನ ಪಂಡಿತ. ಕಲ್ಲು ಉಳಿದಿದೆ, ಅದನ್ನು ಓದಬಹುದು. ಆ ಬಸದಿಗಳಲ್ಲಿ ಎದ್ದ ದನಿ ಉಳಿದಿಲ್ಲ. ಉಳಿಯದಿದ್ದದ್ದನ್ನು ಇರಲೇ ಇಲ್ಲವೆಂಬಂತೆ ಪಾಠ ಮಾಡಿದ್ದು ನನ್ನ ತಪ್ಪು. ಅದಕ್ಕೆ ಕಿವುಡು ಕಾರಣವಲ್ಲ.

ಕಕ್ಕಡದ ಕೊನೆಯ ವಾರ ತರಗತಿಯಲ್ಲಿ ಮೊದಲು ಸಾಧನಗಳನ್ನು ಕಿವಿಯಿಂದ ತೆಗೆದು ಎಲ್ಲರಿಗೂ ತೋರಿಸಿದೆ. ಜೂನ್ ತಿಂಗಳಲ್ಲಿ ನಾನು ಏನು ಕೇಳಿಸಿಕೊಂಡೆ, ಅವಳು ಏನು ಕೇಳಿದ್ದಳು ಎಂಬುದನ್ನು ಎರಡು ಮಾತುಗಳಾಗಿ ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದೆ. ಯಾರೂ ನಗಲಿಲ್ಲ. "ನಿನ್ನ ಪ್ರಶ್ನೆ ಸರಿಯಾಗಿತ್ತಮ್ಮ, ನನ್ನ ಉತ್ತರ ತಪ್ಪಾಗಿತ್ತು. ಹಾಡಬೇಕು" ಎಂದೆ.

"ನಿಮಗೆ ರಾಗ ಗೊತ್ತಾ ಸರ್?" ಎಂದಳು. ಈ ಬಾರಿ ಪ್ರತಿಯೊಂದು ಅಕ್ಷರವೂ ಕೇಳಿಸಿತು. ಗೊತ್ತಿಲ್ಲ ಎಂದೆ. ತನ್ನ ಅಜ್ಜಿ ನಾಟಿಗದ್ದೆಯಲ್ಲಿ ಹಾಡುತ್ತಿದ್ದ ಒಂದು ಧಾಟಿಗೆ ಮಂಗರಸನ ಪದ್ಯವನ್ನು ಕೂರಿಸಲು ಅವಳು ಯತ್ನಿಸಿದಳು. ಎರಡನೆಯ ಸಾಲಿನ ಕೊನೆಯ ಬ್ರಹ್ಮಗಣದಲ್ಲಿ ಧಾಟಿ ಮುಗ್ಗರಿಸಿತು. ಮತ್ತೆ ಎತ್ತಿಕೊಂಡು ಕೊನೆಯ ಅಕ್ಷರವನ್ನು ಎಳೆದಳು, ಹೊಂದಿತು. ದುಡಿ ಕಲಿಯುತ್ತಿದ್ದ ಹುಡುಗ ಡೆಸ್ಕಿನ ಮೇಲೆ ಬೆರಳಿನಿಂದ ಲೆಕ್ಕ ಹಿಡಿದ. ಮಂಗರಸನ ಕಾಲದಲ್ಲಿ ಹೀಗೆಯೇ ಹಾಡುತ್ತಿದ್ದರೆಂದು ಯಾವ ಸಂಶೋಧಕನೂ ಒಪ್ಪುವುದಿಲ್ಲ, ನಾನೂ ಹೇಳುವುದಿಲ್ಲ. ಆದರೆ ಆ ಗಣ ಅಲ್ಲಿ ಏಕೆ ಚಿಕ್ಕದಾಗಿದೆ, ಉಳಿದ ಜಾಗವನ್ನು ಯಾವುದು ತುಂಬುತ್ತದೆ ಎಂಬುದು ನಲವತ್ತು ಮಂದಿಗೆ ಒಂದೇ ಸಲಕ್ಕೆ ತಿಳಿಯಿತು. ನಲವತ್ತೊಂದನೆಯವನು ನಾನು.

ಮುಂದಿನ ತಿಂಗಳು ಆಂತರಿಕ ಪರೀಕ್ಷೆ. ಸಾಂಗತ್ಯದ ಪ್ರಶ್ನೆಗೆ ಲಿಖಿತ ಉತ್ತರದ ಜೊತೆಗೆ ಹಾಡಿ ತೋರಿಸುವ ಅವಕಾಶವನ್ನೂ ಇಟ್ಟಿದ್ದೇನೆ. ಕೇಳಿಸದಿದ್ದರೆ ಇನ್ನೊಮ್ಮೆ ಹಾಡಿ ಎಂದು ಕೇಳಲು ಈಗ ಸಂಕೋಚವಿಲ್ಲ.