ಕಾರ್ಡಿನಲ್ಲಿ ಜಾಗವಿದೆ, ನಕ್ಷೆ ಹಿಡಿಸುತ್ತಿಲ್ಲ

ಗಾರ್ಮಿನ್ ಜಿಪಿಎಸ್‌ಮ್ಯಾಪ್ 60ಸಿಎಸ್ಎಕ್ಸ್. 2006ರ ಕೈ ಜಿಪಿಎಸ್ ಯಂತ್ರ, ಚಾರಣಿಗರ ಕೈಯಲ್ಲಿ ಇನ್ನೂ ಉಳಿದಿದೆ. ಇದಕ್ಕೂ ಮೊದಲಿನ 60ಸಿಎಸ್‌ನಲ್ಲಿ ನಕ್ಷೆಗೆಂದು ಇದ್ದದ್ದು 56 ಎಂಬಿ. ಅದೂ ಒಳಗೇ ಬೆಸೆದದ್ದು, ಹಿಗ್ಗಿಸುವ ಮಾತೇ ಇಲ್ಲ. 60ಸಿಎಸ್ಎಕ್ಸ್‌ಗಾದರೆ ಮೈಕ್ರೋ ಎಸ್‌ಡಿ ಕಾರ್ಡ್ ಹಾಕಬಹುದು. ಡಬ್ಬಿಯಲ್ಲಿ 64 ಎಂಬಿ ಕಾರ್ಡೊಂದನ್ನು ಕಂಪನಿಯವರೇ ಕೊಡುತ್ತಿದ್ದರು.

ಕಾರ್ಡಿನ ಜಾಗ ಹೊರಗೆಲ್ಲೂ ಕಾಣುವುದಿಲ್ಲ. ಬೆನ್ನಿನ ಉಂಗುರ ತಿರುಗಿಸಿ ಮುಚ್ಚಳ ತೆಗೆದು, ಎರಡು ಎಎ ಸೆಲ್ ಹೊರಗಿಟ್ಟರೆ ಅಡಿಯಲ್ಲಿ ಪುಟ್ಟ ಲೋಹದ ಬಾಗಿಲು. ಉಗುರಿನಿಂದ ಸರಿಸಿ ಎತ್ತಬೇಕು, ಕಾರ್ಡ್ ಕೂರಿಸಿ, ಮಡಚಿ, ಮತ್ತೆ ಸರಿಸಿ ಬಿಗಿಮಾಡಬೇಕು. ಮಳೆಯಲ್ಲಿ ನಿಂತು ಮಾಡುವ ಕೆಲಸವಲ್ಲ.

ಮೊದಲ ಒಗಟು: ಕಂಪ್ಯೂಟರಿನಿಂದ ಎರಡನೆಯ ನಕ್ಷೆ ಕಳಿಸಿದರೆ ಮೊದಲನೆಯದು ಮಾಯ. ಕಾರ್ಡ್ ತುಂಬಿಲ್ಲ, ಆದರೂ ಹೀಗೆ. ನೋಡಿದರೆ, ‘ಗಾರ್ಮಿನ್’ ಫೋಲ್ಡರಿನಲ್ಲಿ ‘ಜಿಮ್ಯಾಪ್‌ಸಪ್’ ಎಂಬ ಒಂದೇ ಹೆಸರಿನ ಕಡತವನ್ನು ಮಾತ್ರ ಯಂತ್ರ ಓದುತ್ತದೆ. ಹೊಸದು ಹಳೆಯದರ ಮೇಲೆಯೇ ಕೂರುತ್ತದೆ. ಬೇಕಾದ ನಕ್ಷೆಗಳನ್ನೆಲ್ಲ ಒಟ್ಟಿಗೆ ಆರಿಸಿ ಒಂದೇ ಸಲ ಕಳಿಸಬೇಕು. ಕೇಬಲ್ಲಿನಲ್ಲಿ ಬಹಳ ನಿಧಾನ. ಕಾರ್ಡ್ ರೀಡರ್ ವಾಸಿ.

ಎರಡನೆಯದು ಕಾಡಿದ ಒಗಟು. 4 ಜಿಬಿ ಕಾರ್ಡ್, ಅರ್ಧ ಖಾಲಿ, ಆದರೂ ನಕ್ಷೆಯ ಒಂದಷ್ಟು ಭಾಗ ಕಾಣಿಸುವುದೇ ಇಲ್ಲ. ಕಾರಣ ಮೆಗಾಬೈಟಿನಲ್ಲಿಲ್ಲ, ತುಂಡುಗಳ ಎಣಿಕೆಯಲ್ಲಿದೆ. ನಕ್ಷೆ ಎಂದರೆ ಚೌಕಗಳ ರಾಶಿ. ಈ ಯಂತ್ರ 2025 ಚೌಕಗಳಿಗಿಂತ ಹೆಚ್ಚು ಒಪ್ಪುವುದಿಲ್ಲ. ಅಕ್ಕಿಯ ತೂಕ ಕೇಳದೆ ಮೂಟೆಗಳನ್ನಷ್ಟೇ ಎಣಿಸುವ ಉಗ್ರಾಣದವನ ಲೆಕ್ಕ. ಹಾಗಾಗಿ ದೊಡ್ಡ ಕಾರ್ಡ್ ಕೊಂಡರೂ ಈ ಗೋಡೆ ಅಲ್ಲಾಡದು.

ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮಾಹಿತಿಯಿಂದ ನಕ್ಷೆ ಕಟ್ಟಿಕೊಳ್ಳುವವರಿಗೆ ಇಲ್ಲೊಂದು ದಾರಿಯಿದೆ. ಚೌಕ ಕತ್ತರಿಸುವ ‘ಸ್ಪ್ಲಿಟರ್’ ತಂತ್ರಾಂಶ ನೆಲದ ವಿಸ್ತಾರ ನೋಡದೆ ಬಿಂದುಗಳನ್ನು ಎಣಿಸುತ್ತದೆ: ನಾವು ಬದಲಿಸದಿದ್ದರೆ ಚೌಕಕ್ಕೆ 16 ಲಕ್ಷದವರೆಗೆ. ಬಯಲುಸೀಮೆಯಲ್ಲಿ ಚೌಕ ಹರಡಿಕೊಳ್ಳುತ್ತದೆ. ಕುದುರೆಮುಖದಂಥ ಕಡೆ, ಸಮೋನ್ನತಿ ರೇಖೆಗಳನ್ನೂ ಸೇರಿಸಿದರೆ, ಚೌಕಗಳು ಪುಟ್ಟದಾಗಿ ಒತ್ತೊತ್ತಾಗುತ್ತವೆ. ಬಿಂದುಗಳ ಮಿತಿ ಏರಿಸಿದರೆ ಚೌಕಗಳ ಎಣಿಕೆ ಇಳಿಯುತ್ತದೆ, ಆದರೆ ತೀರ ಏರಿಸಿದರೆ ನಕ್ಷೆ ಕಟ್ಟುವ ಹಂತದಲ್ಲೇ ಕೆಲಸ ಕೆಡುತ್ತದೆ. ನಡೆಯುವ ಜಿಲ್ಲೆಗಳಷ್ಟನ್ನೇ ಕತ್ತರಿಸಿಕೊಳ್ಳುವುದು ನನಗೆ ಸರಿ ಕಂಡಿದೆ. ಇಡೀ ದೇಶವನ್ನು ಜೇಬಿನಲ್ಲಿಡುವ ಆಸೆ ಈ ಯಂತ್ರಕ್ಕೆ ಹೊಂದುವುದಿಲ್ಲ.

ಕಾರ್ಡಿನ ಬಗ್ಗೆ: 2 ಜಿಬಿವರೆಗಿನದು ಹಳೆಯ ಎಸ್‌ಡಿ ಮಾನಕ. ಅದಕ್ಕೂ ಮೇಲಿನದು ಎಸ್‌ಡಿಎಚ್‌ಸಿ. ಅದನ್ನು ಗುರುತಿಸಲು ಫರ್ಮ್‌ವೇರ್ ಹೊಸದಾಗಿರಬೇಕು. ಫ್ಯಾಟ್32ರಲ್ಲಿ ಒಂದು ಕಡತ 4 ಜಿಬಿ ಮೀರುವಂತಿಲ್ಲ, ಕಡತವೋ ಇರುವುದೇ ಒಂದು. 32 ಜಿಬಿ ಕಾರ್ಡಿಗೆ ದುಡ್ಡು ಸುರಿದು ಫಲವಿಲ್ಲ.

ಗಾರ್ಮಿನ್‌ನದೇ 2011ರ ಇಟ್ರೆಕ್ಸ್ 20 ಬೇರೆ ಬೇರೆ ಹೆಸರಿನ ಹಲವು ನಕ್ಷೆ ಕಡತಗಳನ್ನು ಒಟ್ಟಿಗೆ ಓದುತ್ತದೆ. ಆದರೂ ಕೆಲಸ ಮಾಡುತ್ತಿರುವ 60ಸಿಎಸ್ಎಕ್ಸ್ ಅನ್ನು ಮೂಲೆಗೆ ಹಾಕಬೇಡಿ. ಪ್ರದೇಶಕ್ಕೊಂದರಂತೆ 2 ಜಿಬಿ ಕಾರ್ಡ್ ಮಾಡಿಟ್ಟುಕೊಳ್ಳಿ. ಹೊರಡುವ ಮುನ್ನ ಮ್ಯಾಪ್ ಸೆಟಪ್ ತೆರೆದು, ಬೇಕಾದ ಚೌಕಗಳೆಲ್ಲ ಪಟ್ಟಿಯಲ್ಲಿವೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ.