ಸತ್ತ ಮೀನು ಹೇಳಿಕೊಟ್ಟ ಲೆಕ್ಕ

ಸತ್ತ ಮೀನಿಗೆ ಯಾರಾದರೂ ಫೋಟೊ ತೋರಿಸುತ್ತಾರೆಯೇ ಮಕ್ಕಳೇ? ಅಮೆರಿಕದ ವಿಜ್ಞಾನಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ತೋರಿಸಿದರು! ಒಂದು ಸತ್ತ ಸಾಲ್ಮನ್ ಮೀನನ್ನು ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಮನುಷ್ಯರ ಚಿತ್ರಗಳನ್ನು ತೋರಿಸುತ್ತಾ, ‘ಇವರಿಗೆ ಸಂತೋಷವೋ, ಸಿಟ್ಟೋ?’ ಎಂದು ಕೇಳಿದರು. ಕಂಪ್ಯೂಟರ್ ಲೆಕ್ಕ ಹಾಕಿತು. ಮೀನು ಯೋಚಿಸುತ್ತಿದೆಯೋ ಎಂಬಂತೆ ಅದರ ಮಿದುಳಿನಲ್ಲಿ ಬಣ್ಣದ ಚುಕ್ಕೆಗಳು ಮೂಡಿದವು!

ನನ್ನ ಮೊಮ್ಮಗಳು ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಮೆಲ್ಲಗೆ, “ತಾತ, ಅಜ್ಜಿಯ ಮರೆವು ಯಾಕೆ ಅಂತ ಕಂಪ್ಯೂಟರ್ ಸರಿಯಾಗಿ ಹೇಳುತ್ತಾ?” ಎಂದಳು. ಈಚೆಗೆ ಅವಳ ಅಜ್ಜಿ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಾಳೆ. ಕೆಲವು ಸಲ ನಮ್ಮ ಹೆಸರಿಗೂ ತಡವರಿಸುತ್ತಾಳೆ.

ಅವಳ ಮುಂದೆ ಚೌಕಾಬಾರದ ಕವಡೆ ಇಟ್ಟೆ. ನಾಲ್ಕೂ ಕವಡೆ ಒಂದೇ ಮಗ್ಗುಲಿಗೆ ಬೀಳುವುದು ಅಪರೂಪ. ಆದರೆ ಇಡೀ ಶಾಲೆಯ ಮಕ್ಕಳು ಹಾಕಿದರೆ ಕೆಲವರಿಗೆ ಬಿದ್ದೇ ಬೀಳುತ್ತದೆ. ಅದು ಜಾಣತನವಲ್ಲ, ಆಕಸ್ಮಿಕ. ಇಂಥ ಸಂಶೋಧನೆಯಲ್ಲಿ ಮಿದುಳಿನ ಚಿತ್ರವನ್ನು ಸುಮಾರು 1,30,000 ಪುಟ್ಟ ಚೌಕಗಳಾಗಿ ಕತ್ತರಿಸಿ, ಕಂಪ್ಯೂಟರ್ ಒಂದೊಂದನ್ನೂ ‘ನಿನ್ನಲ್ಲಿ ಬದಲಾವಣೆ ಆಯಿತೇ?’ ಎಂದು ಪರೀಕ್ಷಿಸುತ್ತದೆ. ಸಾವಿರಕ್ಕೆ ಒಂದರಂತೆ ತಪ್ಪಿದರೂ 130 ಸುಳ್ಳು ‘ಹೌದು’ಗಳು! ಎಷ್ಟು ಸಲ ಕೇಳಿದೆವು ಎಂಬುದನ್ನೂ ಲೆಕ್ಕಕ್ಕೆ ಸೇರಿಸಿದಾಗ ಮೀನಿನ ಚುಕ್ಕೆಗಳೆಲ್ಲ ಮಾಯವಾದವು.

ಈ ಪ್ರಯೋಗವನ್ನು ಅವರು 2009ರಲ್ಲಿ ವಿಜ್ಞಾನಿಗಳ ಮುಂದಿಟ್ಟರು. 2012ರಲ್ಲಿ ಇದಕ್ಕೆ ‘ಇಗ್ ನೊಬೆಲ್’ ಬಂತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನವದು.

ಹಾಗಾದರೆ ಕಂಪ್ಯೂಟರ್ ಬೇಡವೇ? ಬೇಕೇ ಬೇಕು. ಲಕ್ಷಾಂತರ ಚೌಕಗಳನ್ನು ಕಣ್ಣಿನಿಂದ ನೋಡಿ ಮುಗಿಸುವವರು ಯಾರು? ಆಸ್ಪತ್ರೆಯ ಸ್ಕ್ಯಾನ್ ಈ ಪ್ರಯೋಗದಂಥದ್ದಲ್ಲ, ಅದರ ರೀತಿಯೇ ಬೇರೆ. ಆದರೂ ನಮ್ಮ ಡಾಕ್ಟರು ಚಿತ್ರವೊಂದನ್ನೇ ನಂಬಲಿಲ್ಲ. ಅಜ್ಜಿಯ ಹತ್ತಿರ ಕುಳಿತು ಮಾತಾಡಿಸಿದರು, ಗಡಿಯಾರದ ಚಿತ್ರ ಬರೆಸಿದರು, ಐದು ಪದ ಹೇಳಿ ನೆನಪಿಡಲು ಹೇಳಿದರು, ರಕ್ತಪರೀಕ್ಷೆ ಬರೆದುಕೊಟ್ಟರು. ಉತ್ತರ ಇನ್ನೂ ಬರಬೇಕು. ಅಲ್ಲಿಯವರೆಗೆ ಮೊಮ್ಮಗಳು ದಿನಾ ಸಂಜೆ ಅಜ್ಜಿಯ ಜೊತೆ ಚೌಕಾಬಾರ ಆಡುತ್ತಾಳೆ.

ಪುಟಾಣಿಗಳೇ, ‘ಕಂಪ್ಯೂಟರ್ ಕಂಡುಹಿಡಿದಿದೆ’ ಎಂದು ಯಾರಾದರೂ ಹೇಳಿದರೆ, ನೀವು ವಿನಯದಿಂದಲೇ ಕೇಳಿ: “ಕವಡೆ ಎಷ್ಟು ಸಲ ಹಾಕಿದಿರಿ?”